ಮೈನಾ ಮೈ ತುಂಬಿಕೊಂಡ ಬಗೆ

ಸೋಮವಾರ ಬೆಳಿಗ್ಗೆ ಇಂಜೆಕ್ಷನ್ ಎಂದು ನಿರ್ಧಾರವಾಗಿತ್ತು. ನಿರ್ಧರಿಸಿದವನು ನಾನೇ. ಪೇಶಂಟ್ ನಮ್ಮ ಮನೆಯ ಕುದುರೆ. ಆ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಯಾವ ಕುದುರೆಯೂ ಏಳುವುದಿಲ್ಲ.

ಗಾಬರಿಯಾಗಬೇಡಿ. ಇದು ದೀಪಾವಳಿ ಹೊತ್ತಿನ ಮಾತು. ಈಗ ಯುಗಾದಿ ಹತ್ತಿರ ಬಂದಿದೆ. ಮೈನಾ ಹಿತ್ತಲಲ್ಲಿ ನಿಂತು ಬಾಲ ಬೀಸುತ್ತಿದ್ದಾಳೆ. ನಡುವೆ ಏನಾಯಿತು ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೈನಾ ಬಿಳಿ ಬಣ್ಣದ ಹೆಣ್ಣುಕುದುರೆ. ಸಂಸ್ಥಾನಗಳು ಹೋದ ಕಾಲಕ್ಕೆ ಕೊಲ್ಹಾಪುರದ ಒಬ್ಬ ಜಹಗೀರದಾರರ ಲಾಯ ಖಾಲಿಯಾದಾಗ ನಮ್ಮ ಗಡಹಿಂಗ್ಲಜಕ್ಕೆ ಬಂದವಳು. ಆಗ ನಾನು ದವಾಖಾನೆ ತೆರೆದ ಹೊಸತು. ಮಳೆಗಾಲದಲ್ಲಿ ಹಿರಣ್ಯಕೇಶಿ ಹೊಳೆಯ ಆಚೆಯ ಹಳ್ಳಿಗಳಿಗೆ ಸೈಕಲ್ ಮೇಲೆ ಹೊರಟರೆ, ಅರ್ಧ ದಾರಿಯಲ್ಲಿ ಸೈಕಲ್ಲೇ ನನ್ನ ಮೇಲೆ. ಅಷ್ಟು ಕೆಸರು. ಮೈನಾಳಿಗೆ ಆ ಕೆಸರು ಲೆಕ್ಕಕ್ಕೇ ಇರಲಿಲ್ಲ. ಎಷ್ಟೋ ಹೆರಿಗೆಗಳಿಗೆ ನಾನು ಹೊತ್ತಿಗೆ ಸರಿಯಾಗಿ ಮುಟ್ಟಿದ್ದು ಅವಳ ಕಾಲಿನಿಂದ. (ಹೆಸರು ಮಾತ್ರ ನನಗೆ ಬಂತು.)

ಆಮೇಲೆ ಫಟಫಟಿ ಬಂತು. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಮೈನಾ ಹಿತ್ತಲು ಸೇರಿದಳು. ವಯಸ್ಸು ಇಪ್ಪತ್ತೈದಕ್ಕೆ ಬಂತು. ಹೋದ ಮಳೆಗಾಲ ಮುಗಿಯುವಷ್ಟರಲ್ಲಿ ಪಕ್ಕೆಲುಬು ಎಣಿಸುವ ಹಾಗಾದಳು. ಬೆನ್ನುಮೂಳೆ ಎದ್ದು ಕಂಡಿತು. ಕಣ್ಣುಗಳ ಮೇಲೆ ಗುಳಿ ಬಿತ್ತು.

ನಾನು ಸುಮ್ಮನಿದ್ದೆನೇ? ಕಡಲೆ ದುಪ್ಪಟ್ಟು ಮಾಡಿಸಿದೆ. ಜಂತಿನ ಔಷಧ ಹಾಕಿಸಿದೆ. ಟಾನಿಕ್ ಕುಡಿಸಿದೆ. ಮೈನಾ ಬುಟ್ಟಿ ಖಾಲಿ ಮಾಡುವುದನ್ನು ಕಣ್ಣಾರೆ ನೋಡಿದೆ. ಇಷ್ಟು ತಿಂದೂ ಇಳಿಯುತ್ತಿದ್ದರೆ ಕಾರಣ ಇನ್ನೇನು? ವಯಸ್ಸು. ನನ್ನ ಡಯಾಗ್ನೋಸಿಸ್ ಅಲ್ಲಿಗೆ ಮುಗಿಯಿತು. ನರಳಿಸುವುದು ಬೇಡವೆಂದು ದನದ ಡಾಕ್ಟರಿಗೆ ಹೇಳಿ ಕಳಿಸಿದೆ.

ಅಡ್ಡ ಬಂದವಳು ಮನೆಯಲ್ಲಿ ಒಬ್ಬಳೇ: ನನ್ನ ಸೋದರತ್ತೆ ನೀಲವ್ವ. ತಂದೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾಳೆ. ಎಪ್ಪತ್ತು ದಾಟಿದೆ, ಓದು ಬರಹವಿಲ್ಲ. ಶನಿವಾರ ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದು, ಕುದುರೆಯ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ ತೋರಿಸಿದಳು.

"ನೋಡೋ ತಮ್ಮಾ. ಕಡ್ಲಿ ಹ್ಯಾಂಗ ಇತ್ತೋ ಹಂಗs ಬಂದೈತಿ. ಬಿತ್ತಿದ್ರ ಮೊಳಕಿ ಬರ್ತೈತಿ."

ನಿಜ. ಇಡೀ ಕಾಳುಗಳು. ಆಮೇಲೆ ಮೇವಿನ ಗೋದಲಿಯ ಕೆಳಗಿನಿಂದ ಒಂದು ಹಸಿರು ಉಂಡೆ ಎತ್ತಿದಳು. ಅರ್ಧ ಜಗಿದು ಉಗುಳಿದ ಹುಲ್ಲು. ಅಂಥವು ಅಲ್ಲಿ ಹತ್ತಾರು ಬಿದ್ದಿದ್ದವು. ನಾನು ದಿನಾ ಅವನ್ನು ದಾಟಿಕೊಂಡು ಓಡಾಡಿದ್ದೆ.

"ಇದಕ್ಕ ಜಗ್ಯಾಕ ಬರವಲ್ದು. ಬರೇ ನುಂಗಾಕತ್ತೈತಿ. ಇದರ ಬಾಯಿ ನೋಡೀಯೇನು?"

ನೋಡಿರಲಿಲ್ಲ. ದಿನಕ್ಕೆ ನಲವತ್ತು ಜನರಿಗೆ 'ಆ ಅನ್ನಿ' ಎನ್ನುವವನು ನಾನು!

ಯುಗಾದಿಯ ತನಕ ಬಿಡು ಎಂದು ಅತ್ತೆ ಕೇಳಿದಳು. ಬಿಟ್ಟೆ. ಆ ಜಹಗೀರದಾರರ ಲಾಯದಲ್ಲೇ ಹಿಂದೆ ಕುದುರೆಗಳಿಗೆ ಲಾಳ ಬಡಿಯುತ್ತಿದ್ದ ಇಮಾಮಸಾಹೇಬ ಎಂಬ ಮುದುಕನನ್ನು ಎಸ್.ಟಿ. ಬಸ್ಸಿನಲ್ಲಿ ಕರೆಸಿದೆವು. ಆತ ಮೈನಾಳ ನಾಲಿಗೆಯನ್ನು ಒಂದು ಬದಿಗೆ ಹಿಡಿದು ದವಡೆಯೊಳಗೆ ಕೈ ಹಾಕಿದ. ಹಿಂದಿನ ಹಲ್ಲುಗಳ ಅಂಚು ಗಾಜಿನ ಚೂರಿನಂತೆ ಬೆಳೆದು ಗಲ್ಲವನ್ನು ಒಳಗಿನಿಂದ ಕೊಯ್ದಿತ್ತು. ಎರಡು ಹಲ್ಲು ಉದುರಿಯೇ ಹೋಗಿದ್ದವು. ಉದ್ದ ಹಿಡಿಕೆಯ ಅರ ಹಾಕಿ ಅಂಚುಗಳನ್ನು ಉಜ್ಜಿ ಸಮ ಮಾಡಿದ. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಮೈನಾ ಕದಲಲಿಲ್ಲ.

ಹೋಗುವಾಗ ಇಮಾಮಸಾಹೇಬ ಮರಾಠಿಯಲ್ಲಿ, "ಮ್ಹಾತಾರಿ ಆಹೇ, ಪಣ ಭೂಕ್ ಆಹೇ" ಎಂದ. ಮುದುಕಿಯೇ, ಆದರೆ ಹಸಿವು ಇದೆ. ಉದುರಿದ ಹಲ್ಲು ಮತ್ತೆ ಬರುವುದಿಲ್ಲ, ಇನ್ನು ಮುಂದೆ ಜಗಿಯುವ ಕೆಲಸ ನೀವು ಮಾಡಿ ಎಂದ.

ಆ ಕೆಲಸವನ್ನು ಅತ್ತೆ ಕೈಗೆತ್ತಿಕೊಂಡಳು.

ಕಡಲೆಯನ್ನು ಹಿಂದಿನ ದಿನವೇ ನೆನೆಹಾಕಿ ಒರಳಿನಲ್ಲಿ ಜಜ್ಜುವುದು. ಜವೆಗೋಧಿಯನ್ನು ಬೆರಳಲ್ಲಿ ಹಿಸುಕಿದರೆ ಕರಗುವಷ್ಟು ಬೇಯಿಸುವುದು. ಅಗಸೆ ಬೀಜವನ್ನು ಲೋಳೆಯಾಗುವ ತನಕ ಕುದಿಸುವುದು. ಎಲ್ಲಕ್ಕೂ ಗೋಧಿ ಬೂಸಾ, ಉಪ್ಪು, ಚೂರು ಬೆಲ್ಲ, ಬಿಸಿನೀರು ಸೇರಿಸಿ ಅಂಬಲಿಯಂತೆ ಕಲಸುವುದು. ಕುದುರೆಮೆಂತೆ ಸೊಪ್ಪನ್ನು ಪಲ್ಯಕ್ಕೆ ಹೆಚ್ಚಿದಷ್ಟು ಸಣ್ಣಗೆ ಹೆಚ್ಚುವುದು. ಅದೂ ಒಂದೇ ಸಲ ಬುಟ್ಟಿ ತುಂಬ ಅಲ್ಲ, ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪ. ಅವಸರ ಮಾಡಿ ಹೆಚ್ಚು ಹಾಕಿದರೆ ಹೊಟ್ಟೆಶೂಲೆ ಬಂದು ಕುದುರೆ ಒಂದೇ ದಿನಕ್ಕೆ ಸಾಯುತ್ತದೆ ಎಂದು ಇಮಾಮಸಾಹೇಬ ಎಚ್ಚರಿಸಿದ್ದ.

ಇದನ್ನೆಲ್ಲ ಯಾರಾದರೂ ಮಾಡಿಯಾರು. ನಾನು ಬೆರಗಾದದ್ದು ಬೇರೆಯದಕ್ಕೆ. ಪ್ರತಿ ಸಲವೂ ಅತ್ತೆ ಬಕೆಟ್ಟಿನ ಪಕ್ಕದಲ್ಲೇ ಕೂತಿರುತ್ತಿದ್ದಳು. ಕುದುರೆ ತಲೆ ಎತ್ತಿದರೆ ಕಾಯುತ್ತಿದ್ದಳು. ಮತ್ತೆ ಬಾಯಿ ಹಾಕಿದರೂ ಕಾಯುತ್ತಿದ್ದಳು. ಒಂದೊಂದು ಸಲಕ್ಕೆ ಮುಕ್ಕಾಲು ತಾಸು. ಬೇಸರ ಬರುವುದಿಲ್ಲವೇ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ಮುದುಕರು ಉಣ್ಣುವಾಗ ಮುಂದೆ ಗಡಿಬಿಡಿ ಮಾಡಬಾರದು ಎಂದಳಂತೆ.

ಕುದುರೆಯನ್ನು ತೂಗುವ ತಕ್ಕಡಿ ನನ್ನ ದವಾಖಾನೆಯಲ್ಲಿ ಎಲ್ಲಿ ಬರಬೇಕು? ಅತ್ತೆ ಹಳೆಯ ಸೀರೆಯ ದಡಿಯನ್ನು ಉದ್ದ ಪಟ್ಟಿಯಾಗಿ ಹರಿದುಕೊಂಡಳು. ವಾರಕ್ಕೊಮ್ಮೆ ಮೈನಾಳ ಎದೆಗೆ ಸುತ್ತಿ, ತುದಿ ಮುಟ್ಟಿದಲ್ಲಿ ಕೆಂಪು ದಾರದ ಒಂದು ಹೊಲಿಗೆ ಹಾಕುತ್ತಿದ್ದಳು. ಮೊದಲ ಮೂರು ವಾರ ಹೊಲಿಗೆಗಳು ಒಂದರ ಮೇಲೊಂದು ಬಿದ್ದವು. ನಾನು ಮನಸ್ಸಿನಲ್ಲೇ ಕೈ ಬಿಟ್ಟೆ. ನಾಲ್ಕನೆಯ ವಾರ ಹೊಲಿಗೆ ಅರ್ಧ ಬೆರಳು ಆಚೆ ಸರಿಯಿತು. ಸಂಕ್ರಾಂತಿಗೆ ಎರಡು ಬೆರಳು. ಆಮೇಲೆ ಮೈಗೆ ಹೊಳಪು ಬಂತು. ಶಿವರಾತ್ರಿಯ ಹೊತ್ತಿಗೆ ಪಕ್ಕೆಲುಬುಗಳನ್ನು ಕೈಯಿಂದ ಒತ್ತಿ ಹುಡುಕಬೇಕಾಯಿತು.

ಹದಿನೈದು ದಿನದ ಹಿಂದೆ, ಬೆಳಗಿನ ಬಿಸಿಲು. ನಾನು ಫಟಫಟಿ ಹೊರಗೆ ತೆಗೆಯುತ್ತಿದ್ದೆ. ಹಿತ್ತಲಲ್ಲಿ ಮೈನಾ ಮುಂಗಾಲು ಮಡಚುತ್ತಿರುವುದು ಕಂಡಿತು. ಕುಸಿದಳು ಎಂದುಕೊಂಡೇ ಓಡಿದೆ. ಅತ್ತೆ ಕೈ ಅಡ್ಡ ಹಿಡಿದಳು. ಮೈನಾ ಮಣ್ಣಿನಲ್ಲಿ ಹೊರಳಿದಳು. ಈ ಮಗ್ಗುಲು, ಆ ಮಗ್ಗುಲು, ನಾಲ್ಕೂ ಕಾಲು ಆಕಾಶಕ್ಕೆ. ಹೊರಳಿ ಹೊರಳಿ, ಒಂದೇ ನೆಗೆತಕ್ಕೆ ಎದ್ದು ನಿಂತು ಮೈ ಕೊಡವಿದಳು. ಹಿತ್ತಲೆಲ್ಲ ಧೂಳು.

"ಮಳಿಗಾಲದಿಂದ ಇದು ನೆಲಕ್ಕ ಮೈ ಹಚ್ಚಿದ್ದಿಲ್ಲ," ಎಂದಳು ಅತ್ತೆ. "ಮಲಗಿದ್ರ ಏಳಾಕ ಆಗೂದಿಲ್ಲಂತ ಅಂಜಿ, ನಿಂತs ಇತ್ತು."

ಅಷ್ಟು ತಿಂಗಳು ನಿಂತೇ ಇದ್ದ ಪ್ರಾಣಿ. ಅದು ಮಲಗುವ ದಿನವನ್ನು ಯಾರಿಗೂ ಹೇಳದೆ ಕಾದಿದ್ದ ಮುದುಕಿ. ಹೆರಿಗೆಯಲ್ಲಿ, ಉಳಿಯುವುದಿಲ್ಲ ಎಂದುಕೊಂಡ ಕೂಸು ಅತ್ತಾಗ ಆಗುವ ಹಾಗೆಯೇ ನನಗೆ ಆಯಿತು.

ಸ್ವಲ್ಪ ಹೊತ್ತಿನ ಮೇಲೆ, ಲದ್ದಿಯಲ್ಲಿ ಕಾಳು ಹುಡುಕಬೇಕೆಂದು ನಿನಗೆ ಹೊಳೆದದ್ದಾದರೂ ಹೇಗೆ ಎಂದು ಕೇಳಿದೆ. ಅತ್ತೆ ಬಕೆಟ್ ತೊಳೆಯುತ್ತಲೇ ಹೇಳಿದಳು. ತನಗೂ ದವಡೆ ಹಲ್ಲು ಹೋಗಿ ಮೂರು ವರ್ಷವಾಯಿತಂತೆ. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಹಾಗೇ ನುಂಗುತ್ತಾಳಂತೆ. ಅಂಚಿನ ಗಟ್ಟಿ ಭಾಗವನ್ನು ಸೆರಗಿನಲ್ಲಿಟ್ಟುಕೊಂಡು ಬಂದು ಎಮ್ಮೆಗೆ ಹಾಕುತ್ತಾಳಂತೆ.

"ಅತ್ತಿ, ನನಗ್ಯಾಕ ಹೇಳಲಿಲ್ಲ?"

"ಕುದುರಿ ಹೇಳಿತ್ತೇನು?"

ಮೊನ್ನೆ ಅವಳನ್ನು ಕೊಲ್ಹಾಪುರಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಟ್ಟುಹಲ್ಲಿಗೆ ಅಳತೆ ತೆಗೆದುಕೊಂಡರು. ಮೂರು ವರ್ಷದಿಂದ ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ತಾವು ಏನು ಕೆಲಸ ಮಾಡುತ್ತೀರಿ ಎಂದು ನನ್ನನ್ನು ವಿಚಾರಿಸಿದರು.

ನಾನು ಏನೆಂದು ಹೇಳಬೇಕಿತ್ತು, ನೀವೇ ಹೇಳಿ?