ಮಸ್ಕತ್ತಿನ ಮಾಳಿಗೆ ಮೇಲೆ ಸಂಡಿಗೆ

ಐದು ವರ್ಷದ ಹಿಂದೆ, ಮದುವೆಯಾದ ಮೂರೇ ತಿಂಗಳಿಗೆ, ಗಂಡನ ಜೊತೆ ಮಸ್ಕತ್ತಿಗೆ ಹೋದೆ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್ ಆಗಿದ್ದ ಅವರಿಗೆ ಅಲ್ಲೊಂದು ಟೈಲರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ನಾನು ಕುರುಗೋಡಿನವಳು. ಬಳ್ಳಾರಿಗೆ ಸೊಸೆಯಾಗಿ ಬಂದದ್ದೇ ನನಗೆ ದೊಡ್ಡ ಪ್ರಯಾಣ.

ಮೊದಲ ದಿನಗಳು ನಿದ್ದೆಗಣ್ಣಿನಲ್ಲೇ ಕಳೆದುಹೋದವು. ಎಲ್ಲ ಮನೆಗಳೂ ಬಿಳಿ. ಹಿಂದೆ ಒಂದು ಗಿಡವೂ ಇಲ್ಲದ ಕಲ್ಲುಬೆಟ್ಟ. ನಮ್ಮ ಕಡೆಯ ಬೆಟ್ಟವನ್ನೇ ಯಾರೋ ಎತ್ತಿ ತಂದು ಸಮುದ್ರದ ದಂಡೆಗೆ ಇಟ್ಟ ಹಾಗೆ. ಗಾಳಿಗೆ ಉಪ್ಪಿನ ವಾಸನೆ, ಓಣಿಯಲ್ಲಿ ಲೋಬಾನದ ಹೊಗೆ. ಮಧ್ಯಾಹ್ನ ಮಲಗಿ ಎದ್ದರೆ ಯಾವ ಊರಿನಲ್ಲಿದ್ದೇನೆಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತಿತ್ತು. ಚೆಂದವೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಮಾತಾಡಲು ಒಂದು ಜೀವ ಇರಲಿಲ್ಲ. ಕನ್ನಡ, ತೆಲುಗು ಎರಡರಲ್ಲೂ ಓಣಿಗೆಲ್ಲ ಕೇಳುವಂತೆ ಜಗಳವಾಡಬಲ್ಲ ನಾನು ಅಲ್ಲಿ ಮೂಗಿಯಾಗಿ ಕೂತಿದ್ದೆ. ಇಪ್ಪತ್ತು ದಿನಕ್ಕೆ ಸಾಕಾಗಿಹೋಯಿತು.

"ನನ್ನ ಊರಿಗೆ ಕಳಿಸಿಬಿಡ್ರಿ. ಇಲ್ಲಿದ್ರ ಹುಚ್ಚು ಹಿಡಿತೈತಿ ನನಗ" ಎಂದು ಅತ್ತುಬಿಟ್ಟೆ.

"ಆತು ಬಿಡು. ಶುಕ್ರವಾರ ರಜಾ ಐತಿ, ಟಿಕೆಟ್ ತೆಗಿಸ್ತೀನಿ. ಮತ್ತ ಯಾವಾಗ ಬರ್ತಿಯೋ ಏನೋ" ಎಂದರು ಅವರು. ಅವರ ಮುಖ ನೋಡಲಾಗಲಿಲ್ಲ ನನಗೆ.

ಹೋಗುವ ಮುಂಚೆ ಅವರಿಗೆಂದು ಒಂದು ಡಬ್ಬಿ ಅಕ್ಕಿ ಸಂಡಿಗೆಯಾದರೂ ಮಾಡಿಡೋಣ ಅನ್ನಿಸಿತು. ಬುಧವಾರ ಹಿಟ್ಟು ಬೇಯಿಸಿ, ನಮ್ಮ ಬಿಲ್ಡಿಂಗಿನ ಮಾಳಿಗೆ ಹತ್ತಿ, ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟೆ. ಬಿಸಿಲಂತೂ ಥೇಟ್ ಬಳ್ಳಾರಿಯದೇ. ಸಮುದ್ರದ ಊರಿನಲ್ಲಿ ಕಾಗೆ ಎಲ್ಲಿಂದ ಬರಬೇಕು ಅಂದುಕೊಂಡು ಕೆಳಗೆ ಬಂದು ಮಲಗಿದೆ.

ಕನಸಿನಲ್ಲಿ ಅವ್ವ ಕುರುಗೋಡಿನ ಮನೆಯ ಮಾಳಿಗೆ ಮೇಲೆ ನಿಂತು ನನ್ನನ್ನು ಕರೆಯುತ್ತಿದ್ದಳು. ಎಚ್ಚರವಾದರೆ ಕಿಟಕಿಯ ಹೊರಗೆ ಕಾಗೆಗಳ ಸಂತೆ! "ಅಯ್ಯೋ ನನ್ನ ಸಂಡಿಗಿ!" ಎಂದು ಬರಿಗಾಲಲ್ಲೇ ಮೇಲಕ್ಕೆ ಓಡಿದೆ.

ಅಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಬ್ಬ ಮುದುಕಿ ಕೂತು ಉದ್ದನೆಯ ಕೋಲಿನಿಂದ ಕಾಗೆ ಓಡಿಸುತ್ತಿದ್ದಳು. ನಮ್ಮ ಕೆಳಗಿನ ಮನೆಯಾಕೆ. ಎಷ್ಟು ಹೊತ್ತಿನಿಂದ ಕೂತಿದ್ದಳೋ, ಮುಖವೆಲ್ಲ ಬೆವರು. ನನ್ನನ್ನು ಕಂಡದ್ದೇ ತಡ, ಶುರುವಾಯಿತು ನೋಡಿ ಬೈಗುಳ! ಅರಬ್ಬಿಯ ಒಂದಕ್ಷರ ಬಾರದಿದ್ದರೂ ಎಲ್ಲ ತಿಳಿಯಿತು. ಕಾಗೆಯ ಕಡೆ ಕೈ, ಸಂಡಿಗೆಯ ಕಡೆ ಕೈ, ಆಮೇಲೆ ಅಂಗೈ ಕೆನ್ನೆಗೆ ಹಚ್ಚಿ, ಇದನ್ನು ಬಿಟ್ಟು ಯಾರಾದರೂ ಮಲಗುತ್ತಾರೇನು ಎಂಬಂತೆ ದುರುಗುಟ್ಟಿದಳು.

"ತಪ್ಪಾತು ಯವ್ವಾ, ನಿದ್ದಿ ಹತ್ತಿಬಿಡ್ತು. ಪುಣ್ಯಾತಗಿತ್ತಿ, ನೀನರ ಇದ್ದಿ" ಎಂದು ನಾನೂ ಕನ್ನಡದಲ್ಲೇ ಶುರು ಮಾಡಿದೆ. ಇಪ್ಪತ್ತು ದಿನ ಗಂಟಲಲ್ಲೇ ಉಳಿದಿದ್ದ ಮಾತೆಲ್ಲ ಹೊರಗೆ ಬಂತು. ಆಕೆ ನನ್ನ ಕೈ ಹಿಡಿದು ನೆರಳಿಗೆ ಎಳೆದುಕೊಂಡಳು. ಬಿಸಿಲು ಇಳಿದು ಬಿಳಿ ಮನೆಗಳೆಲ್ಲ ಹಳದಿಯಾಗುವವರೆಗೂ ಮಾತಾಡಿದೆವು. ಅವಳ ಭಾಷೆ ಅವಳದು, ನನ್ನದು ನನ್ನದು.

ಮರುದಿನ ಬೆಳಿಗ್ಗೆ ಆಕೆಯೇ ಬಾಗಿಲು ಬಡಿದಳು. ಕಂಕುಳಲ್ಲಿ ಒಂದು ಬುಟ್ಟಿ, ಅದರ ತುಂಬ ಉಪ್ಪುನೀರಲ್ಲಿ ಕುದಿಸಿದ ನಿಂಬೆಹಣ್ಣು. ಅಲ್ಲಿಯವರು ಅದನ್ನು ಕಪ್ಪಗಾಗುವವರೆಗೆ ಬಿಸಿಲಲ್ಲಿ ಒಣಗಿಸಿ ಅಡುಗೆಗೆ ಹಾಕುತ್ತಾರೆ. ಮಾಳಿಗೆಯ ಕಡೆ ಬೆರಳು ತೋರಿಸಿ ಕೋಲನ್ನು ನನ್ನ ಕೈಗೆ ಕೊಟ್ಟಳು. ಇನ್ನು ಕಾಯುವ ಪಾಳಿ ನನ್ನದು!

ಶುಕ್ರವಾರ ನಮ್ಮವರು ನನ್ನ ಪಾಸ್‌ಪೋರ್ಟ್ ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟುತ್ತಿದ್ದರು.

"ಟಿಕೆಟ್ ಬ್ಯಾಡ ಬಿಡ್ರಿ" ಎಂದೆ.

"ಯಾಕ? ಏನಾತು?"

"ಕೆಳಗಿನ ಮನಿ ಯವ್ವನ ನಿಂಬಿಹಣ್ಣು ಇನ್ನೂ ಹಸಿ ಅದಾವ. ಕಾಯೋರು ಯಾರು?"

ಅವರು ನಗುತ್ತ ಬಾಗಿಲಲ್ಲೇ ಕೂತುಬಿಟ್ಟರು. ಕಣ್ಣಲ್ಲಿ ನೀರಿತ್ತು.

ಮೂರು ವರ್ಷ ಅಲ್ಲೇ ಬಾಳಿದೆವು. ಆಕೆಯ ಹೆಸರು ನನ್ನ ನಾಲಗೆಗೆ ಕೊನೆಗೂ ತಿರುಗಲಿಲ್ಲ. ಬಳ್ಳಾರಿಗೆ ಹೊರಟ ದಿನವೂ ಮೆಟ್ಟಿಲ ಮೇಲೆ ನಿಂತು "ಯವ್ವಾ" ಎಂದೇ ಕೂಗಿದೆ. ಆಕೆ ಓಡಿ ಬಂದಳು.