ಕೆನ್ನೆಯಿಂದ ತಂಪು ನೋಡುವವರು

ಬೆಳಿಗ್ಗೆ ಐದೂವರೆಗೆ ಎದ್ದು ಒಲೆ ಹೊತ್ತಿಸಿದೆ. ಗಂಡನನ್ನು ಎಡಮಗ್ಗುಲಿಗೆ ತಿರುಗಿಸಿ ಬೆನ್ನು ಒರೆಸಿದೆ. ಮೂತ್ರದ ಚೀಲ ಖಾಲಿ ಮಾಡಿ ತೊಳೆದೆ. ಅವರಿಗೆ ಎರಡು ನೀರುದೋಸೆ ತಿನ್ನಿಸಿದೆ. ಕೋಳಿಗಳನ್ನು ಹೊರಗೆ ಬಿಟ್ಟು, ಹಾಸಿಗೆಯ ಬಟ್ಟೆ ನೆನೆಹಾಕಿದೆ. ಎಂಟು ಗಂಟೆಗೆ ಎಸಿಯ ಮುಂದಿನ ಜಾಲರಿ ತೆಗೆದು ಫಿಲ್ಟರನ್ನು ಬಾವಿಕಟ್ಟೆಯಲ್ಲಿ ತೊಳೆದು ಹಲಸಿನ ಮರದ ನೆರಳಿನಲ್ಲಿ ಒಣಗಲು ಇಟ್ಟೆ. ಅದನ್ನು ಬಿಸಿಲಿಗೆ ಹಾಕಬಾರದು ಎಂದು ಹೇಳಿಕೊಟ್ಟವರು ಐಸಣ್ಣ. ಅವರು ತೀರಿಹೋದ ಸುದ್ದಿ ಬಂದಾಗ ಆ ಫಿಲ್ಟರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಐಸಣ್ಣನ ಹತ್ತೂ ಬೆರಳುಗಳ ತುದಿ ಮೇಣದ ಹಾಗೆ ಬಿಳಿಚಿಕೊಂಡು ಹೊಳೆಯುತ್ತಿತ್ತು. ಮನೆಯವರೆಲ್ಲ ಕಡಲಿಗೆ ಹೋಗುವವರಾದರೆ ಇವರು ಹರೆಯದಲ್ಲೇ ಮೀನಿಗೆ ಹಾಕುವ ಐಸ್ ಮಾಡುವ ಪ್ಲಾಂಟಿಗೆ ಸೇರಿದ್ದರು. ಅಲ್ಲಿ ಒಮ್ಮೆ ಪೈಪು ಬಿಟ್ಟುಕೊಂಡು ಗ್ಯಾಸು ಕೈಗೆ ಚಿಮ್ಮಿತಂತೆ, ಎದೆಗೂ ಹೋಯಿತಂತೆ. ಬೆರಳ ತುದಿಯ ಸ್ಪರ್ಶ ಹೋಯಿತು, ಕೆಮ್ಮು ಉಳಿಯಿತು. ಆಮೇಲೆ ಉಡುಪಿಯ ಬನ್ನಂಜೆಯಲ್ಲಿ ಫ್ರಿಜ್ಜು ರಿಪೇರಿಯ ಸಣ್ಣ ಅಂಗಡಿ ಇಟ್ಟರು. ಮನೆ ಮಾತ್ರ ನಮ್ಮ ಕಾಪುವಿನಲ್ಲೇ, ಕಡಲ ಬದಿಗೆ. ಬೇರೆ ಮೆಕ್ಯಾನಿಕ್‌ಗಳು ಕೈಯಿಟ್ಟು ನೋಡುವಲ್ಲಿ ಐಸಣ್ಣ ಕೆನ್ನೆ ಇಡುತ್ತಿದ್ದರು. ಪೈಪಿಗೆ, ಗಾಳಿ ಬರುವ ಬಾಯಿಗೆ, ಗೋಡೆಗೆ. ಕಣ್ಣು ಮುಚ್ಚಿ, ಮಗುವಿನ ಜ್ವರ ನೋಡುವ ಅಜ್ಜಿಯ ಹಾಗೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ನಗುವ ಕಾಲ ಅದಲ್ಲ. ನನ್ನ ಗಂಡ ಗಲ್ಫಿನಲ್ಲಿ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡು ಬಂದಿದ್ದರು. ಕುತ್ತಿಗೆಯಿಂದ ಕೆಳಗೆ ಅಲುಗಾಟ ಇಲ್ಲ. ಮಣಿಪಾಲದ ಡಾಕ್ಟರು ಮನೆಗೆ ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇವರ ಮೈಗೆ ಇನ್ನು ಬೆವರಲಿಕ್ಕೂ ಬರುವುದಿಲ್ಲ, ನಡುಗಲಿಕ್ಕೂ ಬರುವುದಿಲ್ಲ. ಹೊರಗೆ ಎಷ್ಟು ಸೆಕೆಯೋ ಒಳಗೂ ಅಷ್ಟೇ ಏರುತ್ತದೆ. ಬೇಸಿಗೆಯಲ್ಲಿ ಜಾಗ್ರತೆ" ಎಂದಿದ್ದರು. ಮೊದಲ ಬೇಸಿಗೆಯನ್ನು ಒದ್ದೆ ಬಟ್ಟೆ ಹೊದೆಸಿ ಕಳೆದೆವು. ಎರಡು ಸಲ ಜ್ವರ ನೆತ್ತಿಗೇರಿ ಮಣಿಪಾಲಕ್ಕೆ ಹೊತ್ತುಕೊಂಡು ಓಡಿದೆವು. ಮೂರನೆಯ ಸಲ ತಡವಾದರೆ ಆಸ್ಪತ್ರೆಗೆ ತರಬೇಕಾಗಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಆಗ ಗಲ್ಫಿನಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡಿದವರು ಸೇರಿ ಒಂದು ಹಳೆಯ ಕಿಟಕಿ ಎಸಿ ಕಳಿಸಿಕೊಟ್ಟರು. ಅದನ್ನು ಕೂರಿಸಲು ಬಂದವರು ಐಸಣ್ಣ.

ಬಂದವರು ಯಂತ್ರ ನೋಡಲಿಲ್ಲ, ತಲೆಯೆತ್ತಿ ಮಾಡು ನೋಡಿದರು. ನಮ್ಮದು ಹಂಚಿನ ಮನೆ, ಸಂದುಗಳಲ್ಲಿ ಆಕಾಶ ಕಾಣುತ್ತಿತ್ತು.

"ಎಂತ ಬಾಯಮ್ಮ, ಊರಿನ ಕಾಗೆಗಳಿಗೆಲ್ಲ ತಂಪು ಮಾಡ್ಲಿಕ್ಕೆ ಉಂಟಾ? ಮೊದಲು ಈ ಕೋಣೆಗೊಂದು ಸೀಲಿಂಗ್ ಹೊಡೆಸಿ. ಮತ್ತೆ ಮಾತಾಡುವ."

ನಮ್ಮ ಕ್ರಿಶ್ಚಿಯನ್ನರ ಮನೆಯ ಹೆಂಗಸರಿಗೆಲ್ಲ ಅವರು ಬಾಯಮ್ಮ ಎನ್ನುವುದು, ಗಂಡಸರಿಗೆ ಪೊರ್ಬುಗಳು. ಹಾರ್ಡ್‌ಬೋರ್ಡಿನ ಸೀಲಿಂಗ್ ಆಯಿತು. ಎಸಿ ಒಂದೂವರೆ ಟನ್ನಿನದ್ದು ಎಂದು ಕೇಳಿ ನಾನು ಕಿಟಕಿಯ ದಂಡೆ ಕುಸಿದೀತೆಂದು ಹೆದರಿದೆ. ಐಸಣ್ಣ ಕೆಮ್ಮುವಷ್ಟು ನಕ್ಕರು.

"ಅದು ತೂಕ ಅಲ್ಲ ಮಾರಾಯ್ರೇ. ಒಂದೂವರೆ ಟನ್ ಐಸು ಒಂದು ಹಗಲು ಒಂದು ರಾತ್ರಿ ಕೂತು ಕರಗಿದ್ರೆ ಎಷ್ಟು ಸೆಕೆ ನುಂಗ್ತದೆ, ಅಷ್ಟು ಇದರ ಹೊಟ್ಟೆ. ನಾನು ಅಷ್ಟು ಐಸು ಬೆನ್ನ ಮೇಲೆ ಹೊತ್ತವ, ನನಗೆ ಗೊತ್ತುಂಟು."

ಅವರ ಕ್ರಮ ಒಂದಿತ್ತು. ನಾನು ಯಂತ್ರದ ಭಾಗಗಳ ಹೆಸರು ಹೇಳದೆ ಅವರು ಚೀಲ ಬಿಚ್ಚುತ್ತಿರಲಿಲ್ಲ. ಕಂಪ್ರೆಸರ್ ಎಂದರೆ ಎಂತ? ಗ್ಯಾಸನ್ನು ಒತ್ತುವುದು. ಹಿಂದೆ ಇರುವ ಕಂಡೆನ್ಸರ್? ಒಳಗಿನ ಸೆಕೆಯನ್ನು ಹೊರಗೆ ಬಿಡುವುದು. ಕಡಲ ಗಾಳಿಯ ಉಪ್ಪು ಹಿಡಿಯುವುದು ಎಲ್ಲಿಗೆ? ಅಲ್ಲಿಗೇ. ಹಾಗಾದರೆ ವಾರಕ್ಕೊಮ್ಮೆ? ಸಿಹಿನೀರಿನಲ್ಲಿ ತೊಳೆಯುವುದು, ಸ್ವಿಚ್ಚು ತೆಗೆದು. ಒಂದು ತಪ್ಪಿದರೆ ಮೊದಲಿನಿಂದ, ಚರ್ಚಿನಲ್ಲಿ ಮಕ್ಕಳ ಧರ್ಮಪಾಠದ ಹಾಗೆ. "ದೊತೊರ್ನ್ ಪರೀಕ್ಷೆಗೆ ಪಾದ್ರಿಗಳು ಬಂದ್ರು" ಎಂದು ಮಂಚದ ಮೇಲಿಂದ ನನ್ನ ಗಂಡ ಗೇಲಿ ಮಾಡುತ್ತಿದ್ದರು.

"ನೀವು ಸುಮ್ಮನಿರಿ ಪೊರ್ಬುಗಳೇ, ನಿಮ್ಮನ್ನು ಪಾಸು ಮಾಡಿ ಆಗಿದೆ" ಎಂದು ಐಸಣ್ಣನ ಉತ್ತರ. "ನಿಮಗೆ ಕುತ್ತಿಗೆಯಿಂದ ಕೆಳಗೆ ಗೊತ್ತಾಗುವುದಿಲ್ಲ, ನನಗೆ ಗೆಣ್ಣಿನಿಂದ ಆಚೆ ಗೊತ್ತಾಗುವುದಿಲ್ಲ. ನಾವಿಬ್ಬರೂ ಒಂದೇ ಕ್ಲಾಸು."

ನನ್ನ ಗಂಡ ಊರಿಗೆ ಬಂದ ಮೇಲೆ ಅವರ ಅವಸ್ಥೆಯ ಬಗ್ಗೆ ಎದುರಿಗೆ ತಮಾಷೆ ಮಾಡಿದವರು ಬೇರೆ ಯಾರೂ ಇಲ್ಲ. ಉಳಿದವರೆಲ್ಲ ಗೋಡೆ ನೋಡುತ್ತಿದ್ದರು.

ಕರೆಂಟು ಹೋಗಿ ಬಂದರೆ ಎಸಿಯನ್ನು ಕೂಡಲೇ ಹಾಕಬಾರದು, ಒಳಗೆ ಒತ್ತಿದ ಗ್ಯಾಸು ಸಮ ಆಗಲು ಮೂರು ನಿಮಿಷ ಬಿಡಬೇಕು ಎಂದಿದ್ದರು. ನನಗೆ ಗಡಿಬಿಡಿ, ಗಂಡನ ಮುಖ ಕೆಂಪಾಗುವುದು ಕಂಡರೆ ಕೈ ತಡೆಯುತ್ತಿರಲಿಲ್ಲ. ಒಂದು ಸಂಜೆ ನಾವು ಜಪಮಾಲೆಯ ತೇರ್ಸ್ ಪ್ರಾರ್ಥನೆ ಹೇಳುವಾಗ ಐಸಣ್ಣ ಜಗಲಿಯಲ್ಲಿ ವಾಚು ಹಿಡಿದು ಕೂತಿದ್ದರು. ಮುಗಿದ ಮೇಲೆ ಒಳಗೆ ಬಂದು ಹೇಳಿದರು: "ನಿಮ್ಮದು ಮಣಿಗೊಂದು ಹೇಳುವ ಆ ನಮಾನ್ ಮರಿಯೆ ಉಂಟಲ್ಲ, ಅದು ಹತ್ತಾಗುವಾಗ ಸರಿಯಾಗಿ ಮೂರು ನಿಮಿಷ. ಗಡಿಯಾರ ನೋಡ್ಬೇಡಿ, ಅದು ನಿಮ್ಮನ್ನು ಹೆದರಿಸ್ತದೆ. ಅದನ್ನೇ ಹೇಳಿ."

ಎಲ್ಲ ಕಲಿತೆ ಎಂದುಕೊಂಡಿದ್ದೆ. ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಮದ್ದು ತರಲು ಉಡುಪಿಗೆ ಹೊರಟೆ. ಕೋಣೆ ಬೇಗ ತಂಪಾಗಲಿ ಎಂದು ಥರ್ಮೋಸ್ಟ್ಯಾಟಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದೆ. ಫ್ಯಾನಿನ ರೆಗ್ಯುಲೇಟರಿನ ಹಾಗೆ, ಹೆಚ್ಚು ತಿರುಗಿಸಿದರೆ ಹೆಚ್ಚು ಜೋರು ಎಂದು ನನ್ನ ಎಣಿಕೆ. ಹಿಂದೆ ತಿರುಗಿಸಲು ಮರೆತೆ. ನೋಡಿಕೊಳ್ಳಲು ಒಪ್ಪಿದ ಪಕ್ಕದ ಮನೆಯಾಕೆ ಒಮ್ಮೆ ಇಣುಕಿ, ನಿದ್ದೆ ಮಾಡುತ್ತಿದ್ದಾರೆಂದು ತಂಪು ಹೋಗದಂತೆ ಬಾಗಿಲು ಭದ್ರ ಮಾಡಿದ್ದಳು. ಬಸ್ಸು ಕೆಟ್ಟು ನಾನು ತಲುಪುವಾಗ ನಾಲ್ಕು ಗಂಟೆ. ಗಂಡನ ತುಟಿ ನೀಲಿ. "ಎಂತ ಆಯ್ತು?" ಎಂದರೆ, "ಏನಿಲ್ಲ, ನಿದ್ದೆ ಬರ್ತಾ ಉಂಟು" ಎಂದು ಕುಡಿದವರ ಹಾಗೆ ತೊದಲಿದರು. ಕಾಲು ಮುಟ್ಟಿದೆ. ಐಸಿನಲ್ಲಿಟ್ಟ ಮೀನು.

ಯಂತ್ರ ಕೆಟ್ಟಿತೆಂದು ತಿಳಿದು ಐಸಣ್ಣನಿಗೆ ಹೇಳಿ ಕಳಿಸಿದೆ. ಅವರು ಬಂದವರೇ ಸ್ವಿಚ್ಚು ತೆಗೆದು ಬಾಗಿಲು ಕಿಟಕಿ ತೆರೆದರು. ನಾನು ಒಲೆಯ ಮೇಲಿನ ನೀರನ್ನು ಬಾಟಲಿಗೆ ತುಂಬಿ ಗಂಡನ ಕಾಲಿನ ನಡುವೆ ಇಡಲು ಹೋದೆ. ಐಸಣ್ಣ ಕಿತ್ತುಕೊಂಡು ಕೆನ್ನೆಗೆ ಹಿಡಿದರು. ಕೆನ್ನೆ ಕೆಂಪಾಯಿತು.

"ಇದು ಸುಡ್ತದೆ ಬಾಯಮ್ಮ. ಅವರಿಗೆ ಚರ್ಮ ಸುಲಿದ್ರೂ ಗೊತ್ತಾಗ್ಲಿಕ್ಕಿಲ್ಲ. ನನ್ನ ಕೈ ನೋಡಿ. ನಾನು ಬೀಡಿಯಿಂದ ಎಷ್ಟು ಸಲ ಸುಟ್ಟುಕೊಂಡಿದ್ದೇನೆ, ವಾಸನೆ ಬಂದ ಮೇಲೆ ಗೊತ್ತಾಗುವುದು."

ತಣ್ಣೀರು ಬೆರೆಸಿ, ಮತ್ತೆ ಕೆನ್ನೆಗೆ ಹಿಡಿದು, ಆಮೇಲೆ ಕೊಟ್ಟರು. ಕತ್ತಲಾಗುವ ಹೊತ್ತಿಗೆ ಗಂಡನ ಮಾತು ಸರಿಯಾಯಿತು. ನಾನು ಗೋಡೆಗೆ ಒರಗಿ ಅಳುತ್ತಿದ್ದೆ. ಐಸಣ್ಣ ಬೈಯಲಿಲ್ಲ. "ತಪ್ಪು ನನ್ನದು. ಹೊರಡಿಸುವುದು ಕಲಿಸಿದೆ, ನಿಲ್ಲಿಸುವುದು ಕಲಿಸಲಿಲ್ಲ. ಥರ್ಮೋಸ್ಟ್ಯಾಟ್ ಜೋರು ಮಾಡ್ಲಿಕ್ಕೆ ಇರುವುದಲ್ಲ. ಎಲ್ಲಿ ನಿಲ್ಲಬೇಕು ಅಂತ ಯಂತ್ರಕ್ಕೆ ಹೇಳ್ಲಿಕ್ಕೆ ಇರುವುದು. ತಂಪು ಬರುವುದು ಒಂದೇ ಸ್ಪೀಡು" ಎಂದರು. ಮರುದಿನ ದೋಣಿಗೆ ಬಳಿಯುವ ಕೆಂಪು ಪೈಂಟು ತಂದು, ಅರ್ಧ ದಿನ ಕೋಣೆಯಲ್ಲಿ ಕೂತು, ನನ್ನ ಗಂಡನ ಮೊಣಕಾಲಿಗೆ ಕೆನ್ನೆ ಇಟ್ಟು ಇಟ್ಟು ನೋಡಿ, ತಿರುಗಣೆಯ ಬದಿಗೆ ಒಂದು ಚುಕ್ಕೆ ಇಟ್ಟರು. ಇದರಾಚೆ ಇಲ್ಲ.

ಆಮೇಲಿನ ಮಾರ್ಚಿಗೆ ಐಸಣ್ಣ ಬಡಕಲಾಗಿದ್ದರು. ಬಂದರೆ ಸ್ಟೂಲಿನಲ್ಲಿ ಕೂತು ಸ್ಕ್ರೂಗಳನ್ನು ನನ್ನ ಕೈಯಿಂದಲೇ ಬಿಚ್ಚಿಸುವುದು. ಮನೆಯ ನೂರು ಕೆಲಸದ ನಡುವೆ ನನಗೆ ಸಿಟ್ಟು.

"ಮೆಕ್ಯಾನಿಕ್ಕು ನೀವೋ ನಾನೋ?"

"ಈಗ ನಾನು. ಮಳೆ ಬಂದ ಮೇಲೆ ನೀವು."

ಅದನ್ನೂ ತಮಾಷೆ ಎಂದುಕೊಂಡೆ. ಮಳೆ ಬರಲು ಇನ್ನೂ ಮೂರು ವಾರ ಇದ್ದಾಗ ಮೀನು ಮಾರುವವಳು ಬುಟ್ಟಿ ಇಳಿಸಿ, ಬಂಗುಡೆ ಎಣಿಸುವ ಮೊದಲೇ ಹೇಳಿದಳು: "ಐಸಣ್ಣ ಹೋದ್ರು ಬಾಯಮ್ಮ. ಬೆಳಿಗ್ಗೆ. ಕೆಮ್ಮಿ ಕೆಮ್ಮಿಯೇ ಹೋದ್ರು. ಎರಡು ಗಂಟೆಗೆ ಸುಡ್ಲಿಕ್ಕೆ ತೆಗೀತಾರಂತೆ."

ಅವರ ಮನೆಗೆ ನಡೆದರೆ ಕಾಲು ಗಂಟೆ. ಎರಡು ಗಂಟೆ ಎಂದರೆ ನಮ್ಮ ಕೋಣೆಯಲ್ಲಿ ಅತ್ಯಂತ ಕೆಟ್ಟ ಹೊತ್ತು. ನಾಲ್ಕು ಗಂಟೆಗೆ ಮನೆ ತಲುಪಿದ ಆ ದಿನದ ನಂತರ ಯಂತ್ರ ಓಡುವಾಗ ನಾನು ಗಂಡನನ್ನು ಬಿಟ್ಟು ಹೋದವಳಲ್ಲ. ಸೆರಗು ಸರಿಮಾಡಿ ಹೊಸ್ತಿಲವರೆಗೆ ಹೋದೆ, ವಾಪಸು ಬಂದೆ. ಗಂಡನಿಗೆ ಹೇಳಿದೆ. "ಚಿತೆಯ ಕಿಚ್ಚು ಅವರ ಬೆರಳಿಗಾದರೂ ಗೊತ್ತಾಗ್ಲಿಕ್ಕಿಲ್ಲ" ಎಂದರು. ಕಣ್ಣು ಒರೆಸಿಕೊಳ್ಳಲು ಅವರಿಗೆ ಕೈ ಇರಲಿಲ್ಲ. ನಾನು ಒರೆಸಿದೆ.

ಎರಡರ ಸುಮಾರಿಗೆ ಕರೆಂಟು ಹೋಯಿತು. ಬಂದಾಗ ಸ್ವಿಚ್ಚಿನ ಬಳಿ ನಿಂತು ಹತ್ತು ನಮಾನ್ ಮರಿಯೆ ಹೇಳಿದೆ. ಪ್ರತಿದಿನ ಅದು ಯಂತ್ರಕ್ಕೆ, ಅಂದು ಐಸಣ್ಣನಿಗೆ. ಯಂತ್ರ ಗುಡುಗಿ ಹೊರಟಿತು. ಗಾಳಿಯ ಬಾಯಿಗೆ ಕೆನ್ನೆ ಇಟ್ಟೆ, ಆಮೇಲೆ ಗಂಡನ ಮೊಣಕಾಲಿಗೆ. ಸರಿ ಇತ್ತು.

ನನ್ನ ಗಂಡ ಅದಾದ ಮೇಲೆ ಇನ್ನೂ ಮೂರು ಬೇಸಿಗೆ ಬದುಕಿದರು. ಮೂರೂ ಆ ಕೆಂಪು ಚುಕ್ಕೆಯ ಈಚೆಗೆ. ಬೇರೆ ಮೆಕ್ಯಾನಿಕ್ಕನ್ನು ನಾನು ಕರೆಯಲಿಲ್ಲ. ಐಸಣ್ಣನ ಮನೆಗೆ ಏಳನೆಯ ದಿನ ಹೋಗಿದ್ದೆ. ಅವರ ಹೆಂಡತಿಗೆ ಎಂತ ಹೇಳುವುದೆಂದು ತಿಳಿಯದೆ, ಚಾ ಕುಡಿದು ಬಂದೆ.

ಐಸಣ್ಣ ಹೋದ ದಿನ ಬಂಗುಡೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ. ಗಂಡ ನಾಲ್ಕು ಚಮಚ ಉಂಡರು. ದಿನವೂ ಅವರಿಗೆ ನಿದ್ದೆ ಬಂದ ಮೇಲೆ ನಾನು ಮಲಗುವುದು ಕ್ರಮ. ಅಂದು ನಾನೇ ಮೊದಲು ನಿದ್ದೆ ಹೋದೆನಂತೆ. ಯಂತ್ರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಡುತ್ತದೆ ಎಂದು ನನ್ನ ಬದಲು ಅವರು ಎಣಿಸುತ್ತಾ ಎಚ್ಚರ ಇದ್ದರಂತೆ.