ಕಟ್ಟುಹಾವಿನ ಬಿಳಿ

ಉಪ್ಪಿನಂಗಡಿಯಲ್ಲಿ ಫೌಝಿಯಾಳ ಮನೆ ಕೇಳಿದರೆ ರಿಕ್ಷಾದವರು ಮೊದಲು ಕೇಳುವುದು, “ಕೇಕಿನ ಫೌಝಿಯಾ ಅಲ್ವಾ?” ಎಂದು. ಹತ್ತನೇ ತರಗತಿ ಮುಗಿಸಿದ ಮೇಲೆ ಅವಳು ಮದುವೆಮನೆಗಳಿಗೆ ಹೋಗಿ ಮೆಹಂದಿ ಹಾಕುತ್ತಿದ್ದಳು. ಆಮೇಲೆ ಕೇಕ್ ಕಲಿತಳು. ಬರಿಯ ಕ್ರೀಮ್ ಹೂವುಗಳಿಂದ ಅವಳಿಗೆ ಸಮಾಧಾನವಾಗಲಿಲ್ಲ. ಪುತ್ತೂರಿಗೆ ಹೋಗಿ ಪುಟ್ಟ ಕಂಪ್ರೆಸರನ್ನೂ ಪೆನ್ನಿನ ಗಾತ್ರದ ಏರ್‌ಬ್ರಷ್ಷನ್ನೂ ತಂದಳು. ಬೆರಳಲ್ಲಿ ಒತ್ತಿದರೆ ಗಾಳಿಯ ಜೊತೆ ಬಣ್ಣ ಮಂಜಿನಂತೆ ಹೊರಗೆ ಬರುತ್ತದೆ. ಅದನ್ನು ಹಿಡಿದ ಮೊದಲ ದಿನವೇ ತನ್ನ ಕೈ ಇಷ್ಟು ವರ್ಷ ಕಾದಿದ್ದು ಇದಕ್ಕೇ ಎಂದು ಅವಳಿಗೆ ಅನ್ನಿಸಿತು.

ಕಡಬದ ಒಂದು ಹುಟ್ಟುಹಬ್ಬಕ್ಕೆ ಅವಳು ಮೀನಿನ ಆಕಾರದ ಕೇಕ್ ಮಾಡಿಕೊಟ್ಟಿದ್ದಳು. ಹುರುಪೆ ಹುರುಪೆಯೂ ಬೇರೆಬೇರೆಯಾಗಿ ಹೊಳೆಯುತ್ತಿತ್ತು. ಅಲ್ಲಿಗೆ ಊಟಕ್ಕೆ ಬಂದ ಜಯಪ್ರಕಾಶ್ ಆ ಕೇಕನ್ನು ತಿನ್ನಲಿಲ್ಲ, ನೋಡುತ್ತಲೇ ಕೂತ. ಸುತ್ತಿನ ಊರುಗಳಲ್ಲಿ ಯಾರ ಮನೆಯೊಳಗೆ ಹಾವು ಹೊಕ್ಕರೂ ಕರೆ ಬರುವುದು ಜಯಪ್ರಕಾಶನಿಗೆ. ಹಿಡಿದು ಕಾಡಿಗೆ ಬಿಡುತ್ತಾನೆ. ಶಾಲೆಗಳಿಗೂ ರಬ್ಬರ್ ತೋಟಗಳಿಗೂ ಹೋಗಿ ಯಾವುದು ವಿಷದ್ದು, ಯಾವುದು ಅಲ್ಲ ಎಂದು ಹೇಳಿಕೊಡುವುದೂ ಅವನ ಕೆಲಸವೇ. ಮರುದಿನವೇ ಒಂದು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಅವನು ಫೌಝಿಯಾಳ ಜಗಲಿಗೆ ಬಂದ.

“ಹೆದರ್ಬೇಡ, ಜೀವ ಇಲ್ಲ” ಎಂದು ನಗುತ್ತ ಚೀಲ ಬಿಚ್ಚಿದ. ತಂತಿಯ ಮೇಲೆ ಒಣಗಿದರೆ ಕಲ್ಲಾಗುವ ಎಪಾಕ್ಸಿ ಮೆತ್ತಿ ಮಾಡಿದ, ಬಣ್ಣವಿಲ್ಲದ ಮೂರು ಬೂದು ಹಾವುಗಳು. “ನಿಜವಾದ ಹಾವನ್ನು ಹಿಡ್ಕೊಂಡು ಜನರಿಗೆ ತೋರಿಸುವ ಹಾಗಿಲ್ಲ, ಕಾನೂನು ಉಂಟು. ಫೋಟೋ ತೋರಿಸಿದ್ರೆ ಅಲ್ಲಿಗೇ ಮರೀತಾರೆ. ಕೈಯಲ್ಲಿ ಹಿಡಿದು ನೋಡುವಂಥದ್ದು ಬೇಕು. ಮೀನಿಗೆ ಹುರುಪೆ ಬಿಡಿಸಿದವಳಿಗೆ ಇದು ಕಷ್ಟ ಉಂಟಾ?”

“ಕಷ್ಟ ಇಲ್ಲ ಜಯಪ್ರಕಾಶಣ್ಣ. ಆದ್ರೆ ಕೇಕಿನ ಬಣ್ಣ ಇದಕ್ಕೆ ನಿಲ್ಲುದಿಲ್ಲ. ಅಕ್ರಿಲಿಕ್ ಪೇಂಟ್ ಬೇಕು, ಅದು ತಿನ್ನುವಂಥದ್ದಲ್ಲ. ಅಕ್ರಿಲಿಕ್ ಹಾಕಿದ ಬ್ರಷ್ಷನ್ನು ಮತ್ತೆ ನಾನು ಕೇಕಿಗೆ ಮುಟ್ಟಿಸುದಿಲ್ಲ.”

“ಬೇರೆ ಬ್ರಷ್ ನಾನು ತರ್ತೇನೆ.”

ಹಾಗೆ ಅಡುಗೆಮನೆ ಕೇಕಿಗೆ, ಹಿಂದಿನ ಜಗಲಿ ಹಾವಿಗೆ ಎಂದಾಯಿತು. ನಡುವಿನ ಬಾಗಿಲನ್ನು ಫೌಝಿಯಾ ಸದಾ ಮುಚ್ಚಿಡುತ್ತಿದ್ದಳು.

ಕೇಕಿನ ಬಣ್ಣ ಹೇಗೂ ನೀರಿನಷ್ಟೇ ತೆಳು, ಬಾಟಲಿಯಿಂದ ನೇರ ಸುರಿಯಬಹುದು. ಅಕ್ರಿಲಿಕ್ ಹಾಗಲ್ಲ, ಮೊಸರಿನ ಹಾಗೆ ದಪ್ಪ. ಹಾಲಿನ ಹದಕ್ಕೆ ತೆಳು ಮಾಡದಿದ್ದರೆ ಏರ್‌ಬ್ರಷ್ಷಿನ ಸೂಜಿಮೊನೆ ಕಟ್ಟಿಹೋಗುತ್ತದೆ. ಫೌಝಿಯಾ ನಲ್ಲಿ ತಿರುಗಿಸಿ ಬೋರ್‌ವೆಲ್ಲಿನ ನೀರು ಹಿಡಿದಳು. ಕನ್ನಡಿಯಂಥ ತಿಳಿನೀರು, ಅನುಮಾನಪಡಲು ಏನೂ ಇರಲಿಲ್ಲ. ಆ ನೀರಲ್ಲೇ ಕಂದುಬಣ್ಣ ಕಲಸಿ ನಾಗರಹಾವು ಮಾಡಿದಳು, ಕೊಳಕುಮಂಡಲ ಮಾಡಿದಳು. ಎರಡೂ ಚೆನ್ನಾಗಿಯೇ ಬಂದವು.

ತೊಂದರೆ ಶುರುವಾದದ್ದು ಕಟ್ಟುಹಾವಿನಲ್ಲಿ. ಮಿರುಗುವ ಕಪ್ಪು ಮೈ, ಅದರ ಮೇಲೆ ತೆಳುವಾದ ಬಿಳಿ ಪಟ್ಟಿಗಳು. ಕಪ್ಪು ಸಲೀಸಾಗಿ ಕೂತಿತು. ಬಿಳಿ ಹಾಕುವಾಗ ಬ್ರಷ್ ಮತ್ತೆ ಮತ್ತೆ ಉಗುಳತೊಡಗಿತು. ಸೂಜಿ ತೆಗೆದು ಒರೆಸಿ, ಮತ್ತೆ ಹಾಕಿ, ಹೇಗೋ ಮುಗಿಸಿ ಒಣಗಲು ಇಟ್ಟಳು. ಮರುದಿನ ಜಯಪ್ರಕಾಶ್ ಬಂದವನು ಹಾವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಫೌಝಿಯಾ, ಇದು ಎಂತ ಹಾವು?”

“ಕಟ್ಟುಹಾವು. ನೀವೇ ಅಲ್ವಾ ಫೋಟೋ ಕೊಟ್ಟದ್ದು?”

“ಫೋಟೋದಲ್ಲಿ ಪಟ್ಟಿ ಸುಣ್ಣದ ಹಾಗೆ ಬಿಳಿ ಉಂಟು. ಇದು ಹಳದಿಗೆ ಹೋಗಿದೆ ನೋಡು. ಹಳದಿ ಪಟ್ಟಿ ಇರುದು ತೋಳಹಾವಿಗೆ. ಅದಕ್ಕೆ ವಿಷ ಇಲ್ಲ. ವಿಷದ ಕಟ್ಟುಹಾವನ್ನು ಅದು ಅಂತ ತಿಳ್ಕೊಂಡು ಕಾಲಲ್ಲಿ ಸರಿಸಿದವರನ್ನು ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇನೆ.” ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. “ಕಲಿಸ್ಲಿಕ್ಕೆ ಹೋಗುವ ಹಾವೇ ತಪ್ಪಾದ್ರೆ ಕಷ್ಟ ಮಾರಾಯ್ತಿ.”

ಫೌಝಿಯಾಳ ಮುಖ ಬಿಸಿಯಾಯಿತು. ಕೇಕಿನ ಮೇಲೆ ಒಂದು ಬಣ್ಣ ಆಚೀಚೆಯಾದರೆ ಮಕ್ಕಳು ಅದನ್ನೂ ತಿಂದು ಕೈ ಒರೆಸಿಕೊಳ್ಳುತ್ತಾರೆ. ಇಲ್ಲಿ ಒಂದು ಛಾಯೆ ತಪ್ಪಿದರೆ ಯಾರದೋ ಜೀವ. ಅವಳು ಬಿಳಿ ಬಣ್ಣದ ಬಾಟಲಿ ತೆರೆದು ನೋಡಿದಳು. ಅದರಲ್ಲಿದ್ದದ್ದು ಅಚ್ಚ ಬಿಳಿಯೇ. ನಿನ್ನೆ ಕಲಸಿ ಉಳಿದ ಬಣ್ಣದ ಬಟ್ಟಲು ನೋಡಿದಳು. ಅದರ ಅಂಚಿನಲ್ಲಿ ತೆಳ್ಳಗೆ ತುಕ್ಕಿನ ಬಣ್ಣದ ಗೆರೆ ಕಟ್ಟಿತ್ತು.

ಅವಳ ತಾಯಿ ಝೈನಬ ಬಟ್ಟಲನ್ನು ಇಣುಕಿ ನೋಡಿದರು. “ಬೋರಿನ ನೀರು ಹಾಕಿದ್ಯಾ? ನನ್ನ ನಮಾಝಿನ ಬಿಳಿ ಬಟ್ಟೆಯನ್ನು ನಾನು ಆ ನೀರಿಗೆ ಯಾವತ್ತಾದ್ರೂ ಮುಟ್ಟಿಸಿದ್ದುಂಟಾ? ಆಚೆಮನೆಯ ಬಾವಿಯಿಂದ ತಂದೇ ಒಗೆಯುದು. ಬೋರಿನಲ್ಲಿ ಕಬ್ಬಿಣ ಉಂಟು.”

ತಾಯಿ ಆಚೆಮನೆಯ ಬಾವಿಯಿಂದ ಕೊಡಪಾನ ಹೊತ್ತು ತರುವುದನ್ನು ಹುಟ್ಟಿದಂದಿನಿಂದ ನೋಡುತ್ತ ಬಂದಿದ್ದ ಫೌಝಿಯಾಳಿಗೆ ಅದು ಯಾಕೆಂದು ಆಗ ಅರ್ಥವಾಯಿತು. ಬೋರಿನ ನೀರು ಬರುವಾಗ ತಿಳಿಯಾಗಿಯೇ ಇರುತ್ತದೆ, ಗಾಳಿಗೆ ಬಿಟ್ಟ ಮೇಲೆ ಕೆಂಪಾಗುತ್ತದೆ. ಕಂದು ಹಾವುಗಳ ಮೇಲೆ ಅದು ಕಾಣಲಿಲ್ಲ, ಬಿಳಿಯ ಮೇಲೆ ಕಂಡಿತು. ಸೂಜಿಮೊನೆಗೆ ಅಡ್ಡ ಬಂದ ಕಣಗಳೂ ಅದರವೇ ಇರಬೇಕು.

ಇನ್ನು ಊಹೆಯ ಮೇಲೆ ಕೆಲಸ ಮಾಡುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಗಾಜಿನ ಲೋಟಗಳನ್ನು ಜಗಲಿಯಲ್ಲಿ ಸಾಲಾಗಿಟ್ಟು ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಪಂಚಾಯತಿನ ನಲ್ಲಿ ನೀರು, ಒಂದರಲ್ಲಿ ಆಚೆಮನೆಯ ಬಾವಿ ನೀರು, ಒಂದರಲ್ಲಿ ತಾರಸಿಯಿಂದ ಬಿದ್ದ ಮಳೆನೀರು ತುಂಬಿಸಿದಳು. ಇನ್ನೊಂದು ನೀರು ಬೇಕಿತ್ತು. ಅದಕ್ಕೆ ಪುತ್ತೂರಿನ ಬಸ್ ಹತ್ತಿ ದರ್ಬೆಯಲ್ಲಿ ಇಳಿದಳು. ಅಲ್ಲಿ ಅಲಿ ಕುಂಞಿ ಎಂಬ ದೂರದ ನೆಂಟರದು ಇನ್ವರ್ಟರ್ ಬ್ಯಾಟರಿಯ ಅಂಗಡಿ.

“ಅಲಿ ಕುಂಞಿಚ್ಚ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ಕೊಡಿ.”

“ಇನ್ವರ್ಟರ್ ತೆಗೊಂಡ್ಯಾ?”

“ಇಲ್ಲ, ಹಾವಿಗೆ.”

ಅಲಿ ಕುಂಞಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕತೆ ಪೂರ್ತಿ ಕೇಳಿದ ಮೇಲೆ ತಾವೇ ಒಳಗೆ ಹೋಗಿ, ಸೀಲ್ ಒಡೆಯದ ಕ್ಯಾನ್ ಹುಡುಕಿ ತಂದರು. “ಇದರಲ್ಲಿ ಉಪ್ಪೂ ಇಲ್ಲ, ಕಬ್ಬಿಣವೂ ಇಲ್ಲ. ಬರಿ ನೀರು. ಆಸಿಡಿನ ಕ್ಯಾನ್ ಇದರ ಹಾಗೇ ಇರ್ತದೆ. ಬೇರೆ ಕಡೆ ತೆಗೊಳ್ಳುದಾದ್ರೆ ಚೀಟಿ ಓದಿಯೇ ತೆಗೊ.”

ಒಂದೇ ಬಿಳಿಯನ್ನು ಎಲ್ಲ ನೀರಿನಲ್ಲೂ ಕಲಸಿ, ಹಳೆಯ ಕಪ್ಪು ತಟ್ಟೆಯ ಮೇಲೆ ಪಟ್ಟಿ ಪಟ್ಟಿಯಾಗಿ ಹಾಯಿಸಿ ಬಿಸಿಲಲ್ಲಿಟ್ಟಳು. ಬೋರಿನ ಪಟ್ಟಿ ಸಂಜೆಯೊಳಗೇ ಮಾಸಿತು. ಮಳೆನೀರಿನಲ್ಲಿ ತಾರಸಿಯ ಧೂಳು ಸಿಕ್ಕಿತು. ಬಾವಿಯ ನೀರೂ ನಲ್ಲಿಯ ನೀರೂ ಬಿಳಿಯಾಗಿಯೇ ನಿಂತವು. ಆದರೆ ಒಂದು ದೊಡ್ಡ ಮಳೆ ಬಂದರೆ ಎರಡೂ ಕದಡುತ್ತವೆ ಎಂಬುದು ಆ ಊರಲ್ಲಿ ಯಾರಿಗೂ ಹೊಸತಲ್ಲ. ಕ್ಯಾನಿನ ನೀರು ಮಾತ್ರ ಮಳೆಗಾಲವಿರಲಿ, ಬೇಸಿಗೆಯಿರಲಿ, ಒಂದೇ ಥರ. ಇವತ್ತು ಮಾಡಿದ ಬಿಳಿಯನ್ನು ಮುಂದಿನ ವರ್ಷವೂ ಮಾಡಲು ಬರಬೇಕು ಎಂದು ಅವಳು ಅದನ್ನೇ ಆರಿಸಿದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ, ಉತ್ಸಾಹದಲ್ಲಿ ಆ ನೀರನ್ನೇ ಅವಳು ಹೆಚ್ಚು ಸುರಿದಿದ್ದಳು. ಬಣ್ಣ ಹಾವಿನ ಉರುಟು ಮೈಮೇಲೆ ನಿಲ್ಲದೆ ಹನಿಹನಿಯಾಗಿ ಜಾರಿತು. ಒಣಗಿದ ಕಡೆ ಒದ್ದೆ ಬೆರಳು ತಾಗಿಸಿದರೆ ಕೈಗೇ ಬಂತು. ಕೈಯಿಂದ ಕೈಗೆ ದಾಟಬೇಕಾದ ಹಾವು ಇದು, ಹೀಗಾದರೆ ಆಗುವುದಿಲ್ಲ. ಬಣ್ಣವನ್ನು ಹಿಡಿದಿಡುವ ಅಂಟು, ನೀರು ಹೆಚ್ಚಾದಷ್ಟೂ ಸೋಲುತ್ತದೆ ಎಂದು ಅವಳು ಕೆಡಿಸಿಯೇ ಕಲಿತಳು. ಪುತ್ತೂರಿನಿಂದ ಅಕ್ರಿಲಿಕ್ಕಿಗೆಂದೇ ಬರುವ, ಮೀಡಿಯಮ್ ಎಂಬ ಪಾರದರ್ಶಕ ಅಂಟು ತಂದು ನೀರಿನ ಜೊತೆ ಸಮಸಮ ಬೆರೆಸಿದಳು. ಒಂದೇ ಸಲ ದಪ್ಪ ಹಾಕದೆ, ಮಂಜು ಕೂತಂತೆ ತೆಳ್ಳಗೆ ಹಾಕಿ, ಒಣಗಲು ಬಿಟ್ಟು, ಮತ್ತೆ ಹಾಕಿದಳು. ಹಳೆಯ ಹಳದಿ ಪಟ್ಟಿಗಳು ಒಂದೊಂದಾಗಿ ಮುಚ್ಚಿಹೋದವು. ಕೊನೆಗೆ ಹೊಳಪಿನ ವಾರ್ನಿಶ್ ಹಾಕಿ ಹಾವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಣಗಲು ಬಿಟ್ಟು ಒಳಗೆ ಚಹಾಕ್ಕೆ ನೀರಿಟ್ಟಳು.

ಹಿತ್ತಲ ದಾರಿಯಿಂದ ಬರುತ್ತಿದ್ದ ಜಯಪ್ರಕಾಶ್ ಕಲ್ಲಿನ ಹತ್ತಿರ ಗಕ್ಕನೆ ನಿಂತ. ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಅಗಲಿಸಿದ. “ಯಾರೂ ಹೊರಗೆ ಬರ್ಬೇಡಿ! ಫೌಝಿಯಾ, ಅಮ್ಮನಿಗೆ ಒಳಗೇ ಇರ್ಲಿಕ್ಕೆ ಹೇಳು!”

ಕಿಟಕಿಯಲ್ಲಿ ನಿಂತು ನೋಡಿದ ಫೌಝಿಯಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. “ಜಯಪ್ರಕಾಶಣ್ಣ, ಮೆಲ್ಲ! ವಾರ್ನಿಶ್ ಒಣಗ್ಲಿಲ್ಲ!”

ಸಾವಿರ ಹಾವು ಹಿಡಿದ ಆ ಮನುಷ್ಯ ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ತನಗೆ ತಾನೇ ನಕ್ಕು, ತಲೆ ಅಲ್ಲಾಡಿಸಿ, “ಇನ್ನು ನಾನು ಹೇಳುದಕ್ಕೆ ಎಂತ ಉಂಟು ಮಾರಾಯ್ತಿ” ಎಂದ. ಮೆಹಂದಿಗೂ ಕೇಕಿಗೂ ಎಷ್ಟೋ ಹೊಗಳಿಕೆ ಕೇಳಿದ್ದ ಫೌಝಿಯಾ, ಅವನು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಎಲ್ಲಕ್ಕಿಂತ ಮೇಲಿಟ್ಟಳು.

ಹಾವುಗಳು ಮೊದಲು ಹೋದದ್ದು ಕೋಡಿಂಬಾಳದಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪರ್‌ಗಳ ಬಳಿಗೆ. ಫೌಝಿಯಾಳೂ ಹೋಗಿದ್ದಳು. ಜಯಪ್ರಕಾಶ್ ಕಟ್ಟುಹಾವಿನ ಪಕ್ಕ ತೋಳಹಾವನ್ನೂ ಇಟ್ಟಿದ್ದ. ಅದನ್ನೂ ಅವಳೇ ಮಾಡಿದ್ದಳು, ಈ ಸಲ ಬೇಕೆಂದೇ ಹಳದಿ ಕಲಸಿ. ಮಾಯಿಲಪ್ಪ ಎಂಬ ಹಿರಿಯ ಟ್ಯಾಪರ್ ಎರಡನ್ನೂ ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. “ಎರಡೂ ಒಂದೇ ಅಂತ ಇಷ್ಟು ದಿನ ಇದ್ದೆ” ಎಂದರು.

“ಮನೆಯಲ್ಲಿ ಕಂಡ್ರೆ ಎರಡನ್ನೂ ಮುಟ್ಟುದು ಬೇಡ, ನನಗೆ ಫೋನ್ ಮಾಡಿ” ಎಂದ ಜಯಪ್ರಕಾಶ್. “ಬಿಳಿ ಪಟ್ಟಿಯದ್ದಾದ್ರೆ ಹತ್ತಿರವೂ ಹೋಗ್ಬೇಡಿ.”

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಮಾಯಿಲಪ್ಪನವರ ಬಚ್ಚಲುಮನೆಯ ಕಟ್ಟಿಗೆ ರಾಶಿಯಲ್ಲಿ ಹಾವೊಂದು ಸುರುಳಿ ಸುತ್ತಿತ್ತು. ಅಂಥವನ್ನು ಅವರು ಕೋಲಿನಿಂದ ಎತ್ತಿ ಬೇಲಿಯಾಚೆ ಎಸೆದದ್ದು ಎಷ್ಟು ಸಲವೋ. ಈ ಸಲ ಎತ್ತಿದ ಕೋಲನ್ನು ಕೆಳಗಿಟ್ಟು, ಮಕ್ಕಳನ್ನು ಅಂಗಳಕ್ಕೆ ಕಳಿಸಿ ಫೋನ್ ಮಾಡಿದರು. ಜಯಪ್ರಕಾಶ್ ಹಾವನ್ನು ಚೀಲಕ್ಕೆ ಹಾಕಿದವನು ಅಲ್ಲಿಂದಲೇ ಫೌಝಿಯಾಳಿಗೆ ಫೋನ್ ಮಾಡಿ ಮಾಯಿಲಪ್ಪನವರ ಕೈಗೆ ಕೊಟ್ಟ.

“ನೀವು ಮಾಡಿದ್ದೇ ಜೀವ ಬಂದು ಕೂತ ಹಾಗಿತ್ತು ತಂಗಿ. ಆ ಬಿಳಿ ನೋಡಿದ ಕೂಡಲೇ ನಂಗೆ ಗೊತ್ತಾಯ್ತು” ಎಂದರು ಅವರು.

ಫೋನ್ ಇಟ್ಟ ಫೌಝಿಯಾ ಕ್ರೀಮ್ ಹತ್ತಿದ ಕೈಯಲ್ಲೇ ಹಿಂದಿನ ಜಗಲಿಗೆ ಹೋದಳು. ಏನಾಯಿತೆಂದು ಝೈನಬ ಕೇಳಿದರು. ಅವಳು ಹೇಳಿದಳು. ಝೈನಬ ಮಗಳ ತಲೆ ಮೇಲೆ ಕೈಯಿಟ್ಟು ಮೆಲ್ಲನೆ ದುಆ ಮಾಡಿದರು. ಸಂಜೆಯೊಳಗೆ ಆ ಸಾಲಿನ ಮನೆಗಳಲ್ಲೆಲ್ಲ ಈ ಕತೆ ಗೊತ್ತಾಗಿತ್ತು, ಎಲ್ಲ ಕಡೆ ಝೈನಬರೇ ಹೋಗಿ ಹೇಳಿ ಬಂದಿದ್ದರು.

ಈಗ ಸುಳ್ಯದ ಕಡೆಯ ಶಾಲೆಗಳಿಂದಲೂ ಹಾವು ಕೇಳಿ ಬರುತ್ತಾರೆ. ಪ್ರತಿ ಹಾವಿನ ಹೊಟ್ಟೆಯ ಅಡಿಯಲ್ಲಿ ಫೌಝಿಯಾ ತನ್ನ ಹೆಸರನ್ನೂ ಊರನ್ನೂ ಸಣ್ಣದಾಗಿ ಬರೆಯುತ್ತಾಳೆ. ಮೊನ್ನೆ ಬಂದದ್ದು ಹಸಿರು ಗುಳಿಮಂಡಲ ಹಾವಿನ ಬೇಡಿಕೆ. ಎಲೆಯೊಳಗೆ ಎಲೆಯಾಗಿ ಕೂರುವ ಹಸಿರು ಅದು. ಅದಕ್ಕಾಗಿ ಅವಳು ಹಿತ್ತಲಿನ ಎಲೆಗಳನ್ನೆಲ್ಲ ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಾಳೆ.